ಫಿಸಿಕ್ಸ್ ಓದಿದರೂ ಬಿಎ: ಲಿಬರಲ್ ಆರ್ಟ್ಸ್ ಕಾಲೇಜಿನ ಕೋರ್ಸ್ ಪಟ್ಟಿಯನ್ನು ಓದುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮಗಳು ಎರಡನೇ ಪಿಯುಸಿ, ಪಿಸಿಎಂಸಿ. ಅಮೆರಿಕದ ಆಮರ್ಸ್ಟ್ ಅನ್ನೋ ಲಿಬರಲ್ ಆರ್ಟ್ಸ್ ಕಾಲೇಜಿಗೆ ಅರ್ಜಿ ಹಾಕುತ್ತೇನೆ ಅನ್ನುತ್ತಿದ್ದಾಳೆ. ನೀವು ಕೋರ್ಸ್ ಪಟ್ಟಿ ತೆಗೆದು ನೋಡಿದಿರಿ. ಫಿಸಿಕ್ಸ್ ಇದೆ, ಸಂಗೀತ ಇದೆ, ರಷ್ಯನ್ ಇದೆ, ನರವಿಜ್ಞಾನ ಇದೆ. ಆದರೆ ಕಾಂಬಿನೇಷನ್ ಯಾವುದು ಅನ್ನೋದೇ ಗೊತ್ತಾಗಲಿಲ್ಲ. ಕೊನೆಗೆ ನೋಡಿದರೆ ಫಿಸಿಕ್ಸ್ ಓದಿದರೂ ಕೊಡುವುದು ಬಿಎ. ‘ಇದೇನು ಓದು, ಊರಲ್ಲಿ ಯಾರಾದರೂ ಕೇಳಿದರೆ ಏನು ಹೇಳಲಿ?’ ಅಂತ ಕೇಳಿದ್ದೀರಿ.

ನಾನು ಇಂಥದೇ ಒಂದು ಸಣ್ಣ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದವನು. ಮೇಜರ್, ಅಂದರೆ ಮುಖ್ಯ ವಿಷಯ, ಫಿಸಿಕ್ಸ್. ಆಮರ್ಸ್ಟ್ ಅಲ್ಲ, ಬೇರೆ. ಹೆಸರು ಹೇಳುವುದಿಲ್ಲ, ಯಾಕಂದರೆ ಕೆಳಗೆ ಅದರ ಮೇಲೆ ಒಂದು ದೂರಿದೆ.

ಬಿಎ ವಿಷಯ ಮೊದಲು ಮುಗಿಸೋಣ. ನಮ್ಮನೆಯಲ್ಲೂ ಜಗಳ ಶುರುವಾಗಿದ್ದು ಅಲ್ಲಿಂದಲೇ. ‘ಬಿಎ ಮಾಡೋಕೆ ಅಮೆರಿಕ ಯಾಕಪ್ಪಾ, ತಿಪಟೂರಲ್ಲೇ ಇದೆಯಲ್ಲ’ ಅಂದಿದ್ದರು ಅಪ್ಪ. ನಮ್ಮಲ್ಲಿ ಬಿಎ ಅಂದರೆ ಎಚ್‌ಇಪಿ, ಎಚ್‌ಇಕೆ. ಸೈನ್ಸ್ ಸಿಗದವರು ಹೋಗುವ ಜಾಗ ಅಂತ ಒಂದು ಕೆಟ್ಟ ಅಭಿಪ್ರಾಯ ಬೇರೆ. ಅಲ್ಲಿ ‘ಆರ್ಟ್ಸ್’ ಅಂದರೆ ಆರ್ಟ್ಸ್ ಸೆಕ್ಷನ್ ಅಲ್ಲ. ಹಳೇ ಯುರೋಪಿನಲ್ಲಿ ಲಿಬರಲ್ ಆರ್ಟ್ಸ್ ಅಂತ ಏಳು ವಿದ್ಯೆ ಇದ್ದವು: ವ್ಯಾಕರಣ, ತರ್ಕ, ಮಾತುಗಾರಿಕೆ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಏಳರಲ್ಲಿ ಮೂರು ಗಣಿತ, ಖಗೋಳದವೇ. ಹಾಗಾಗಿ ಆಮರ್ಸ್ಟ್, ವಿಲಿಯಮ್ಸ್‌ನಂಥ ಕಾಲೇಜುಗಳು ಫಿಸಿಕ್ಸ್, ಕೆಮಿಸ್ಟ್ರಿ, ಕಂಪ್ಯೂಟರ್ ಸೈನ್ಸ್ ಯಾವುದೇ ಓದಿದರೂ ಬಿಎ ಅಂತಲೇ ಕೊಡುತ್ತವೆ. ಅಲ್ಲಿ ಪಿಎಚ್‌ಡಿಗೆ ತೆಗೆದುಕೊಳ್ಳುವವರು ನೋಡುವುದು ಯಾವ ಯಾವ ಕೋರ್ಸ್ ಮುಗಿಸಿದ್ದೀಯ ಅಂತ. ಓದಿನ ಮೇಲೆ ಕೆಲಸ ಮಾಡಲು ಸಿಗುವ ಒಪಿಟಿ 12 ತಿಂಗಳು. ವಿಜ್ಞಾನ, ಗಣಿತದ ಮೇಜರ್ ಆದರೆ ಅದರ ಮೇಲೆ ಇನ್ನೂ 24 ತಿಂಗಳು ಕೇಳಬಹುದು. ಅದು ಸಿಗೋದು ಮೇಜರಿನ ಕೋಡ್ ನೋಡಿ; ಡಿಗ್ರಿ ಬಿಎನೋ ಬಿಎಸ್ಸಿನೋ ಅನ್ನೋದು ಲೆಕ್ಕಕ್ಕಿಲ್ಲ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಆ ಹೊತ್ತಿಗೆ ಇನ್ನೊಮ್ಮೆ ನೋಡಿಕೊಳ್ಳಿ. ವಾಪಸ್ ಬಂದು ಇಲ್ಲಿ ಎಂಎಸ್ಸಿಗೆ ಸೇರುವಾಗ ಮಾತ್ರ ‘ಬಿಎ’ ಅನ್ನೋ ಎರಡಕ್ಷರ ಸ್ವಲ್ಪ ಓಡಾಡಿಸಬಹುದು.

ಇನ್ನು ಕಾಂಬಿನೇಷನ್. ಅಂಥದ್ದೊಂದು ಇಲ್ಲವೇ ಇಲ್ಲ, ಅದಕ್ಕೇ ನಿಮಗೆ ಸಿಗಲಿಲ್ಲ. ಒಂದು ಹಾಳೆ ತಗೊಂಡು 32 ಮನೆ ಎಳೆಯಿರಿ: ಎಂಟು ಸೆಮಿಸ್ಟರ್, ಒಂದೊಂದಕ್ಕೆ ನಾಲ್ಕು ಕೋರ್ಸ್. ಆಮರ್ಸ್ಟ್ ಡಿಗ್ರಿ ಅಂದರೆ ಈ 32 ಮನೆ ತುಂಬುವುದು. ಮೇಜರ್‌ಗೆ ಹತ್ತು ಹನ್ನೆರಡು ಮನೆ ಹೋಗುತ್ತವೆ, ವಿಷಯದ ಮೇಲೆ ಒಂದೆರಡು ಹೆಚ್ಚು ಕಡಿಮೆ. ಮೊದಲ ಸೆಮಿಸ್ಟರಿನಲ್ಲಿ ಒಂದು ಸೆಮಿನಾರ್ ಕಡ್ಡಾಯ. ಉಳಿದದ್ದೆಲ್ಲ ಖಾಲಿ. ಅಲ್ಲಿ ಅದನ್ನು ಓಪನ್ ಕರಿಕ್ಯುಲಮ್ ಅನ್ನುತ್ತಾರೆ. ಎಲ್ಲಾ ಕಡೆ ಇಷ್ಟು ಸಡಿಲ ಇರುವುದಿಲ್ಲ. ವಿಲಿಯಮ್ಸ್‌ನಲ್ಲಿ ಎಲ್ಲಾ ಇಲಾಖೆಗಳನ್ನೂ ಮೂರು ಗುಂಪು ಮಾಡಿದ್ದಾರೆ: ಭಾಷೆ ಮತ್ತು ಕಲೆ, ಸಮಾಜ, ವಿಜ್ಞಾನ ಮತ್ತು ಗಣಿತ. ಪ್ರತಿ ಗುಂಪಿನಿಂದ ಮೂರಾದರೂ ಕೋರ್ಸ್ ಮಾಡಲೇಬೇಕು. ಅಯೋವಾದ ಗ್ರಿನ್ನೆಲ್ ಮತ್ತೆ ಆಮರ್ಸ್ಟ್ ಥರ, ಮೊದಲ ವರ್ಷದ ಒಂದು ಟ್ಯುಟೋರಿಯಲ್ ಬಿಟ್ಟರೆ ಮೇಜರಿನ ಹೊರಗೆ ಕಡ್ಡಾಯ ಇಲ್ಲ.

ನಮ್ಮಲ್ಲೂ 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂದಾಗ ಓಪನ್ ಎಲೆಕ್ಟಿವ್ ಅಂತ, ಬೇರೆ ಇಲಾಖೆಯ ಒಂದು ವಿಷಯ ಆರಿಸಿಕೊಳ್ಳುವುದು ಬಂದಿತ್ತು, ನೆನಪಿದೆಯಾ? 2024ರಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಡಿಗ್ರಿ ಬಿಟ್ಟು ಮತ್ತೆ ಮೂರಕ್ಕೆ ಬಂತು. ನನ್ನ ತಂಗಿ ಆ ನಡುವಿನ ಬ್ಯಾಚು. ‘ನಿನ್ನ ಓಪನ್ ಎಲೆಕ್ಟಿವ್ ಯಾವುದು?’ ಅಂತ ಕೇಳಿದರೆ, ‘ಯಾವ ಮೇಡಂಗೆ ಪೀರಿಯಡ್ ಕಮ್ಮಿ ಇದೆಯೋ ಅದು’ ಅಂದಿದ್ದಳು. ನಗು ಬಂದರೂ ಅದರಲ್ಲಿ ಒಂದು ಸತ್ಯ ಇದೆ. ಆಯ್ಕೆ ಅನ್ನುವುದು ಪಟ್ಟಿ ಇದ್ದರೆ ಬರುವುದಿಲ್ಲ, ಪಾಠ ಮಾಡುವವರು ಇದ್ದರೆ ಬರುತ್ತದೆ. ಈ ಮಾತು ನಮ್ಮೂರಿನ ಕಾಲೇಜಿಗೆ ಎಷ್ಟು ನಿಜವೋ ಅಮೆರಿಕದ ಸಣ್ಣ ಕಾಲೇಜಿಗೂ ಅಷ್ಟೇ ನಿಜ. ನಾನು ಇದನ್ನು ಪೆಟ್ಟು ತಿಂದೇ ಕಲಿತೆ.

ನನ್ನ ದೂರು ಇದೇ. ಪಾರ್ಷಿಯಲ್ ಡಿಫರೆನ್ಷಿಯಲ್ ಈಕ್ವೇಷನ್ಸ್ ಅಂತ ಒಂದು ಗಣಿತದ ಕೋರ್ಸ್. ಸೇರುವ ಮೊದಲೇ ಪಟ್ಟಿಯಲ್ಲಿ ನೋಡಿ, ಕೊನೇ ವರ್ಷಕ್ಕೆ ಅಂತ ಎತ್ತಿಟ್ಟಿದ್ದೆ. ಸಣ್ಣ ಇಲಾಖೆಗಳಲ್ಲಿ ಮೇಲಿನ ಮಟ್ಟದ ಕೋರ್ಸ್ ಪ್ರತಿ ವರ್ಷ ನಡೆಯುವುದಿಲ್ಲ, ವರ್ಷ ಬಿಟ್ಟು ವರ್ಷ. ನನ್ನ ಮೂರನೇ ವರ್ಷ ಅದು ನಡೆಯಿತು. ನಾನು ‘ಮುಂದಿನ ವರ್ಷ ಮಾಡಿದರಾಯ್ತು’ ಅಂತ ಬಿಟ್ಟೆ. ನಾಲ್ಕನೇ ವರ್ಷ ಅದರ ಸರದಿ ಇರಲಿಲ್ಲ. ಪಾಠ ಮಾಡುವವರು ಸಬ್ಬಾಟಿಕಲ್, ಅಂದರೆ ಸಂಶೋಧನೆಗೆ ಅಂತ ಸಿಗುವ ದೀರ್ಘ ರಜೆ ಮೇಲೆ ಹೋಗಿದ್ದರು. ಪಟ್ಟಿಯಲ್ಲಿ ಮಾತ್ರ ಅದು ಹಾಗೇ ಕೂತಿತ್ತು. ಕೊನೆಗೆ ಇನ್ನೊಬ್ಬ ಪ್ರೊಫೆಸರ್ ಒಪ್ಪಿ, ವಾರಕ್ಕೆ ಒಂದು ಗಂಟೆ ತಮ್ಮ ರೂಮಿನಲ್ಲಿ ನನ್ನೊಬ್ಬನಿಗೇ ಪಾಠ ಮಾಡಿದರು. ಪಾಠ ಅಂದೆ, ಅದು ಪಾಠ ಅಲ್ಲ. ಅವರು ಕುರ್ಚಿಯಲ್ಲಿ ಕೂರುತ್ತಿದ್ದರು, ಸೀಮೆಸುಣ್ಣ ನನ್ನ ಕೈಯಲ್ಲಿ. ಹಿಂದಿನ ವಾರ ಓದಿದ್ದನ್ನು ನಾನು ಬೋರ್ಡ್ ಮೇಲೆ ಬರೆಯಬೇಕು. ಬಿಸಿ ಮಾಡಿದ ಸರಳಿನಲ್ಲಿ ಶಾಖ ಹೇಗೆ ಹರಡುತ್ತದೆ ಅನ್ನೋ ಸಮೀಕರಣ ಬರೆದು ಮುಂದಕ್ಕೆ ಓಡಿದರೆ, ‘ಸರಳಿನ ತುದಿಯಲ್ಲಿ ಏನಾಗ್ತಿದೆ?’ ಅಂತ ಕೇಳಿ ಸುಮ್ಮನಾಗುತ್ತಿದ್ದರು. ಒಂದು ಸಲ ಹತ್ತು ನಿಮಿಷ ಹಾಗೇ ನಿಂತಿದ್ದೆ. ಅವರು ಬಾಯಿ ಬಿಡಲೇ ಇಲ್ಲ. ಸಿಟ್ಟು ಬಂದಿತ್ತು. ನಾಲ್ಕು ವರ್ಷದಲ್ಲಿ ನಾನು ಅತಿ ಚೆನ್ನಾಗಿ ಕಲಿತದ್ದು ಅದನ್ನೇ.

ಹಾಗಾಗಿ ಪಟ್ಟಿ ನೋಡುವಾಗ ಇಲಾಖೆಗಳ ಹೆಸರು ಎಣಿಸಬೇಡಿ. ಕೋರ್ಸಿನ ನಂಬರ್ ನೋಡಿ. ಸಾಮಾನ್ಯವಾಗಿ 100ರ ಸಾಲಿನವು ಆರಂಭದವು, 400 ಅಂದರೆ ಕೊನೇ ವರ್ಷದ್ದು. ಮಗಳಿಗೆ ಬೇಕಾದ ಇಲಾಖೆಯಲ್ಲಿ 300, 400ರಲ್ಲಿ ಎಷ್ಟಿವೆ, ಅವುಗಳಲ್ಲಿ ಈ ವರ್ಷ ನಿಜವಾಗಿ ನಡೆಯುತ್ತಿರುವುದು ಎಷ್ಟು, ಅದನ್ನು ನೋಡಬೇಕು. ದೊಡ್ಡ ಪಟ್ಟಿ ಒಂದು, ಆಯಾ ಸೆಮಿಸ್ಟರಿನ ಟೈಮ್ ಟೇಬಲ್ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಡಿ. ಹಿಂದಿನ ಎರಡು ಮೂರು ವರ್ಷದ್ದೂ ನೋಡಿದರೆ ಯಾವುದು ಯಾವಾಗ ಬರುತ್ತದೆ ಅನ್ನೋ ಲಯ ಸಿಗುತ್ತದೆ. ಈ ವಿಷಯದಲ್ಲಿ ಆಮರ್ಸ್ಟ್‌ಗೆ ಒಂದು ಅನುಕೂಲ ಇದೆ. ಸ್ಮಿತ್, ಮೌಂಟ್ ಹೋಲಿಯೋಕ್, ಹ್ಯಾಂಪ್‌ಶೈರ್ ಮತ್ತು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಜೊತೆ ಅದು 1965ರಲ್ಲೇ ಒಂದು ಒಕ್ಕೂಟ ಕಟ್ಟಿಕೊಂಡಿತು. ತನ್ನ ಕಾಲೇಜಿನಲ್ಲಿ ಇಲ್ಲದ ಕೋರ್ಸನ್ನು ಬಸ್ ಹತ್ತಿ ಪಕ್ಕದ ಕ್ಯಾಂಪಸ್ಸಿಗೆ ಹೋಗಿ ಮಾಡಬಹುದು. ನನಗೆ ಅಂಥ ಬಸ್ ಇರಲಿಲ್ಲ.

ಇನ್ನೊಂದು, ಪಟ್ಟಿಯಲ್ಲಿ ಏನಿಲ್ಲ ಅನ್ನೋದನ್ನೂ ನೋಡಿ. ಬಿಕಾಂ ಇಲ್ಲ, ಬಿಬಿಎ ಇಲ್ಲ. ಬ್ಯಾಂಕು, ಕಂಪನಿ ಅಂತ ಹೋಗುವವರು ಎಕನಾಮಿಕ್ಸ್ ಮಾಡುತ್ತಾರೆ, ಅದರಲ್ಲಿ ಗಣಿತ ಜಾಸ್ತಿ, ಲೆಕ್ಕಪತ್ರ ಕಮ್ಮಿ. ಎಂಬಿಬಿಎಸ್ ಅಂತೂ ಇಲ್ಲ. ಪ್ರೀ-ಮೆಡ್ ಅಂತ ಕೇಳಿರುತ್ತೀರಿ, ಅದು ಡಿಗ್ರಿ ಅಲ್ಲ; ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್‌ನ ಇಂತಿಂಥ ಕೋರ್ಸ್ ಮಾಡಿಕೊಂಡಿರು ಅನ್ನೋ ಲೆಕ್ಕ ಅಷ್ಟೇ. ನಮ್ಮ ಹುಡುಗರಿಗೆ ಅಲ್ಲಿನ ಮೆಡಿಕಲ್ ಸೀಟು ಸಿಗುವುದು ಬಲು ಕಷ್ಟ, ಆ ಆಸೆ ಇಟ್ಟುಕೊಂಡು ಹೋಗಬೇಡಿ. ಇಂಜಿನಿಯರಿಂಗ್ ಬೇಕೇಬೇಕು ಅಂದರೆ ಸ್ವಾರ್ಥ್‌ಮೋರ್, ಸ್ಮಿತ್, ಹಾರ್ವಿ ಮಡ್ ಥರದ ಕೆಲವು ಕಡೆ ಮಾತ್ರ ಇದೆ. ಇನ್ನು ಕೆಲವು ಹೆಸರು ದಾರಿ ತಪ್ಪಿಸುತ್ತವೆ. ಆಮರ್ಸ್ಟ್‌ನಲ್ಲಿ ಕಾನೂನು, ನ್ಯಾಯಶಾಸ್ತ್ರ ಮತ್ತು ಸಾಮಾಜಿಕ ಚಿಂತನೆ ಅಂತ ಒಂದು ಇಲಾಖೆ ಇದೆ. ಅದು ಎಲ್‌ಎಲ್‌ಬಿ ಅಲ್ಲ. ಅಲ್ಲಿ ಲಾಯರ್ ಆಗುವುದನ್ನು ಹೇಳಿಕೊಡುವುದಿಲ್ಲ, ಕಾನೂನು ಅಂದರೆ ಏನು ಅಂತ ಕೂತು ಯೋಚಿಸುತ್ತಾರೆ.

ಖಾಲಿ ಮನೆಗಳಲ್ಲಿ ಏನು ತುಂಬುವುದು? ಮೊದಲ ವಾರ ಅಡ್ವೈಸರ್ ಮುಂದೆ ನಾನು ಇಟ್ಟ ಚೀಟಿಯಲ್ಲಿ ನಾಲ್ಕು ಕೋರ್ಸ್ ಇದ್ದವು: ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಕಂಪ್ಯೂಟರ್ ಸೈನ್ಸ್. ಪಿಯುಸಿ ಕಾಂಬಿನೇಷನ್ನನ್ನೇ ಇಳಿಸಿದ್ದೆ. ಅವರು ನೋಡಿ, ‘ಇದರಲ್ಲಿ ಬರೆಯೋದು ಎಲ್ಲಿದೆ?’ ಅಂದರು. ಬರೆಯೋದು ಅಂದರೆ ನೋಟ್ಸ್ ಅಂದುಕೊಂಡೆ. ಅವರು ಕೇಳಿದ್ದು ಐದು ಪುಟದ ಪ್ರಬಂಧ. ಕೆಮಿಸ್ಟ್ರಿ ಹೋಯಿತು. ಅದರ ಜಾಗಕ್ಕೆ, ಹೊತ್ತು ಹೊಂದುತ್ತಿತ್ತು ಅನ್ನೋ ಒಂದೇ ಕಾರಣಕ್ಕೆ, ಧರ್ಮದ ಇಲಾಖೆಯ ಭಕ್ತಿಕಾವ್ಯದ ಕೋರ್ಸ್ ಬಂತು.

ಐದನೇ ವಾರ ಕೈಗೆ ಬಂದ ಓದಿನ ಹಾಳೆ ನೋಡಿದರೆ ಬಸವಣ್ಣ, ಇಂಗ್ಲಿಷಿನಲ್ಲಿ. ‘ಕೂಡಲಸಂಗಮದೇವ’ ಇದ್ದ ಕಡೆ ನದಿಗಳು ಕೂಡುವ ಜಾಗದ ಒಡೆಯ ಅನ್ನೋ ಅರ್ಥದ ಸಾಲಿತ್ತು. ನನಗೆ ವಿಚಿತ್ರ ಅನಿಸಿತು. ಸ್ಕೂಲಲ್ಲಿ ವಚನ ಬಾಯಿಪಾಠ ಮಾಡಿದ್ದೆ. ಆ ಹೆಸರು ಬಂದರೆ ಮುಗಿಯಿತು, ಉಸಿರು ಬಿಡಬಹುದು ಅಂತ ಗೊತ್ತಿತ್ತು, ಅಷ್ಟೇ. ಅದಕ್ಕೊಂದು ಅರ್ಥ ಇದೆ, ಅದನ್ನು ಇನ್ನೊಂದು ಭಾಷೆಗೆ ಒಯ್ಯಬಹುದು ಅಂತ ಹೊಳೆದೇ ಇರಲಿಲ್ಲ. ಪ್ರೊಫೆಸರ್ ಕೇಳಿದರು: ನಿನ್ನ ಕಿವಿಗೆ ಇದು ದೇವರ ಹೆಸರೋ, ಊರಿನ ಹೆಸರೋ? ಕೃಷ್ಣಾ, ಮಲಪ್ರಭಾ ಸೇರುವ ಜಾಗಕ್ಕೆ ನಾನು ಟೂರ್ ಹೋಗಿದ್ದೆ, ಪುಳಿಯೋಗರೆ ತಿಂದಿದ್ದೆ. ಎರಡೂ ಅಂದೆ. ‘ಹಾಗಾದರೆ ಅನುವಾದ ಮಾಡಿದವರು ಒಂದನ್ನು ಕಳೆದುಕೊಂಡರಲ್ಲ, ಅದರ ಮೇಲೆ ಬರಿ’ ಅಂದರು. ಆ ಐದು ಪುಟಕ್ಕೆ ನಾನು ಪಟ್ಟ ಪಾಡು ಯಾವ ಲ್ಯಾಬ್ ರಿಪೋರ್ಟಿಗೂ ಪಟ್ಟಿಲ್ಲ. ಸಿಕ್ಕಿದ್ದು ಬಿ ಮೈನಸ್.

ವಿಲಿಯಮ್ಸ್‌ನಲ್ಲಿ ಇದನ್ನೇ ಇನ್ನೂ ಗಟ್ಟಿಯಾಗಿ ಮಾಡುತ್ತಾರೆ. ಟ್ಯುಟೋರಿಯಲ್ ಅಂತ ಕರೆಯುತ್ತಾರೆ: ಇಬ್ಬರು ವಿದ್ಯಾರ್ಥಿಗಳು, ಒಬ್ಬ ಪ್ರೊಫೆಸರ್. ಒಂದು ವಾರ ಒಬ್ಬ ಪ್ರಬಂಧ ಬರೆದು ಓದಿದರೆ, ಇನ್ನೊಬ್ಬ ಅದನ್ನು ಬಿಡಿಸಿ ಪ್ರಶ್ನೆ ಮಾಡಬೇಕು. ಮುಂದಿನ ವಾರ ಅದಲುಬದಲು. ಹಿಂದಿನ ಬೆಂಚಿನಲ್ಲಿ ಅವಿತುಕೊಳ್ಳೋಣ ಅಂದರೆ ಬೆಂಚೇ ಇರಲ್ಲ. ನಿಮ್ಮ ಮಗಳು ಮಾತಾಡಲು ಹಿಂಜರಿಯುವವಳಾದರೆ ಇದನ್ನು ಮೊದಲೇ ಹೇಳಿಬಿಡಿ. ಹೆದರಿಸಲು ಅಲ್ಲ, ಗೊತ್ತಿರಲಿ ಅಂತ.

ಒಂದು ಎಚ್ಚರಿಕೆ ಮಾತ್ರ. ಖಾಲಿ ಮನೆ ಜಾಸ್ತಿ ಇದೆ ಅಂತ ಫಿಸಿಕ್ಸ್, ಗಣಿತವನ್ನು ಮುಂದಕ್ಕೆ ಹಾಕುವಂತಿಲ್ಲ. ಅವು ಮೆಟ್ಟಿಲು ಮೆಟ್ಟಿಲು. ಕ್ಯಾಲ್ಕುಲಸ್ ಆಗದೆ ಮೆಕ್ಯಾನಿಕ್ಸ್ ಇಲ್ಲ, ಅದಾಗದೆ ಕ್ವಾಂಟಮ್ ಇಲ್ಲ. ಮೊದಲ ಸೆಮಿಸ್ಟರಿನಲ್ಲೇ ಹತ್ತಬೇಕು. ಇತಿಹಾಸ, ಸಂಗೀತ ಕಾಯುತ್ತವೆ, ಇವು ಕಾಯುವುದಿಲ್ಲ. ಕಂಪ್ಯೂಟರ್ ಸೈನ್ಸ್ ಕ್ಲಾಸುಗಳು ಬೇಗ ತುಂಬಿಹೋಗುವುದೂ ಉಂಟು, ಹಾಗಾಗಿ ಎರಡನೇ ಆಯ್ಕೆ ಜೇಬಿನಲ್ಲಿರಲಿ.

ಈ ಭಾನುವಾರ ಆ 32 ಮನೆಯ ಹಾಳೆಯನ್ನು ಮಗಳ ಕೈಗೆ ಕೊಡಿ. ಮೊದಲ ನಾಲ್ಕನ್ನು ಅವಳೇ ತುಂಬಲಿ, ನೀವು ಬಾಯಿ ಹಾಕಬೇಡಿ. ನಾಲ್ಕೂ ಪಿಸಿಎಂಸಿ ಆಗಿ ಬಂದರೆ, ಇಲ್ಲೇ ಒಳ್ಳೆ ಬಿಎಸ್ಸಿ ಅಥವಾ ಇಂಜಿನಿಯರಿಂಗ್ ನೋಡಿ ಅನ್ನುತ್ತೇನೆ, ದುಡ್ಡೂ ಉಳಿಯುತ್ತದೆ. ಮೂರು ಅದೇ ಬಂದು ನಾಲ್ಕನೆಯದು ನಿಮಗೆ ಅರ್ಥವೇ ಆಗದ್ದು ಬಂದರೆ ಅರ್ಜಿ ಹಾಕಿಸಿ. ಫೀಸು ಕೇಳಿ ಗಾಬರಿಯಾಗುವ ಮೊದಲು ಇದೊಂದು ತಿಳಿದಿರಲಿ: ಹೊರದೇಶದವರ ಅರ್ಜಿ ನೋಡುವಾಗಲೂ ಮನೆಯ ಹಣಕಾಸು ನೋಡದೆ ಸೀಟು ಕೊಟ್ಟು, ಆಮೇಲೆ ಕೊರತೆ ತುಂಬಿಕೊಡುವ ಕೆಲವೇ ಕಾಲೇಜುಗಳಲ್ಲಿ ಆಮರ್ಸ್ಟ್ ಒಂದು. ಸೀಟು ಸಿಗುವುದು ಮಾತ್ರ ತುಂಬಾ ಕಷ್ಟ, ಅದನ್ನೊಂದನ್ನೇ ನೆಚ್ಚಿಕೊಳ್ಳಬೇಡಿ.

ಊರಲ್ಲಿ ಏನು ಹೇಳೋದು ಅಂತ ಕೇಳಿದ್ದಿರಲ್ಲ. ನಮ್ಮಪ್ಪ ಇವತ್ತಿಗೂ ಮದುವೆಮನೆಗಳಲ್ಲಿ ‘ಬಿಎಸ್ಸಿ ಥರಾನೇ, ಅಲ್ಲಿ ಬೇರೆ ಹೆಸರು’ ಅಂತ ಹೇಳಿ ಊಟದ ಸಾಲಿನ ಕಡೆ ನಡೆದುಬಿಡುತ್ತಾರೆ.