ಗಾಳಿಯೇ ಇಲ್ಲದ ಕಲ್ಲಿಗೆ ನೀರು ಬಂದದ್ದು ಹೇಗೆ?

ಓದುಗರ ಪತ್ರ: ‘ಚಂದ್ರನಲ್ಲಿ ನೀರಿದೆ, ಬುಧನಲ್ಲಿ ಹಿಮವಿದೆ, ಕ್ಷುದ್ರಗ್ರಹದ ಧೂಳಿನಲ್ಲೂ ನೀರು ಸಿಕ್ಕಿದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಗಾಳಿ ಇಲ್ಲದ ಕಡೆ ನೀರು ನಿಲ್ಲುವುದಿಲ್ಲ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ ಅದು ಬಂದದ್ದು ಎಲ್ಲಿಂದ? ಅದು ನಿಜವಾದ ನೀರೇನಾ? ಧೂಮಕೇತುಗಳು ತಂದು ಸುರಿದವು ಎಂಬ ಉತ್ತರ ಸಾಕೇ?’

ಸಂಪಾದಕರ ಉತ್ತರ:

ನೀವು ಶಾಲೆಯಲ್ಲಿ ಓದಿದ್ದು ಸುಳ್ಳಲ್ಲ. ಚಂದ್ರನ ಬಿಸಿಲಿನಲ್ಲಿ ನೀರು ಚೆಲ್ಲಿದರೆ ಕುದಿದು ಆವಿಯಾಗುತ್ತದೆ. ಬಿಸಿಲು ಆ ಆವಿಯ ಅಣುಗಳನ್ನು ಒಡೆಯುತ್ತದೆ. ಹಗುರವಾದ ಹೈಡ್ರೋಜನ್ನನ್ನು ಹಿಡಿದಿಡುವಷ್ಟು ಸೆಳೆತ ಚಂದ್ರನಿಗಿಲ್ಲ. ಹಾಗಾಗಿ ಅಲ್ಲಿ ಕೆರೆ, ಹೊಳೆಯ ಮಾತೇ ಇಲ್ಲ. ಆದರೆ ಗಾಳಿ ಇಲ್ಲ ಎನ್ನುವ ಅದೇ ಕಾರಣಕ್ಕೆ ಅಲ್ಲಿ ನೀರು ಹುಟ್ಟುತ್ತದೆ ಕೂಡ. ನಮ್ಮ ಲೇಖನದಲ್ಲಿ ಇದಕ್ಕೆ ಜಾಗ ಸಿಕ್ಕಿರಲಿಲ್ಲ. ಈಗ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

ಸೂರ್ಯನಿಂದ ಬೆಳಕಿನ ಜೊತೆ ಕಣಗಳೂ ಹೊರಡುತ್ತವೆ. ಇದೇ ಸೌರಮಾರುತ. ಅದರಲ್ಲಿ ಬಹುಪಾಲು ಪ್ರೋಟಾನ್‌ಗಳು, ಅಂದರೆ ಹೈಡ್ರೋಜನ್ನಿನ ನ್ಯೂಕ್ಲಿಯಸ್‌ಗಳು. ಅವುಗಳ ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್. ಭೂಮಿಗೆ ಕಾಂತಕ್ಷೇತ್ರವಿದೆ, ದಪ್ಪನೆಯ ಗಾಳಿಯ ಹೊದಿಕೆಯಿದೆ. ಇಲ್ಲಿ ಅವು ನೆಲ ಮುಟ್ಟುವುದಿಲ್ಲ. ಚಂದ್ರನಿಗೆ ಆ ರಕ್ಷಣೆ ಇಲ್ಲ. ಪ್ರೋಟಾನ್ ನೇರವಾಗಿ ಬಂದು ಕಲ್ಲಿನ ಕಣದೊಳಗೆ ನಾಟಿಕೊಳ್ಳುತ್ತದೆ. ಕಲ್ಲಿನಲ್ಲಿ ಆಮ್ಲಜನಕಕ್ಕೇನು ಬರ? ಚಂದ್ರನ ಮಣ್ಣಿನ ತೂಕದಲ್ಲಿ ಶೇ 40ಕ್ಕೂ ಜಾಸ್ತಿ ಇರುವುದು ಅದೇ. ಇವೆರಡೂ ಕೂಡಿ ಹೈಡ್ರಾಕ್ಸಿಲ್, ಅಂದರೆ ಒಂದು ಆಮ್ಲಜನಕ, ಒಂದು ಹೈಡ್ರೋಜನ್ನಿನ ಜೋಡಿ ಆಗುತ್ತದೆ. ಮುಂದೆ ಉಲ್ಕೆಯ ಸಣ್ಣ ಕಣವೊಂದು ಬಡಿದು ಕಾವು ಹುಟ್ಟಿದಾಗ ಎರಡು ಹೈಡ್ರಾಕ್ಸಿಲ್‌ಗಳಿಂದ ಒಂದು ನೀರಿನ ಅಣು ಬರಬಹುದು. ನೀರಿನ ತೂಕದಲ್ಲಿ ಒಂಬತ್ತರಲ್ಲಿ ಎಂಟು ಪಾಲು ಆಮ್ಲಜನಕ, ಅಲ್ವಾ? ಅಷ್ಟೂ ಕಲ್ಲಿನಲ್ಲೇ ಇತ್ತು. ಹೊರಗಿಂದ ಬರಬೇಕಿದ್ದು ಉಳಿದ ಒಂದು ಪಾಲು ಮಾತ್ರ.

ಇದು ಸುಮ್ನೆ ಊಹೆಯಲ್ಲ. ಜಪಾನಿನ ಹಯಾಬುಸಾ ನೌಕೆ ಇಟೊಕಾವಾ ಎಂಬ ಕ್ಷುದ್ರಗ್ರಹದ ಧೂಳನ್ನು 2010ರಲ್ಲಿ ಭೂಮಿಗೆ ತಂದಿತು. ಅದರಲ್ಲಿದ್ದ ಆಲಿವೀನ್ ಖನಿಜದ ಕಣವೊಂದನ್ನು ವಿಜ್ಞಾನಿಗಳು ಪರಮಾಣು ಪರಮಾಣುವಾಗಿ ಬಿಡಿಸಿ ನೋಡಿದರು. ಕಣದ ಹೊರ ಅಂಚಿನಲ್ಲಿ, ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತ ತೆಳುವಾದ ಪದರದಲ್ಲಿ, ನೀರು ತುಂಬಿಕೊಂಡಿತ್ತು. ಸೌರಮಾರುತದ ಪ್ರೋಟಾನ್ ನಾಟುವ ಆಳವೂ ಅಷ್ಟೇ. ಅಂಥ ಧೂಳು ಒಂದು ಘನ ಮೀಟರ್ ಇದ್ದರೆ ಅದರಲ್ಲಿ ಸುಮಾರು 20 ಲೀಟರ್ ನೀರು ಇರಬಹುದು ಎಂದು 2021ರಲ್ಲಿ ಅವರು ಲೆಕ್ಕ ಹಾಕಿದರು. ನನಗಂತೂ ಈ ಇಡೀ ವಿಷಯದಲ್ಲಿ ಇದಕ್ಕಿಂತ ದೊಡ್ಡ ಬೆರಗು ಕಂಡಿಲ್ಲ.

‘ನಿಜವಾದ ನೀರೇನಾ?’ ಎಂದು ಕೇಳಿದ್ದೀರಿ. ಕೇಳಲೇಬೇಕಾದ ಪ್ರಶ್ನೆ. ಚಂದ್ರಯಾನ-1ರಲ್ಲಿದ್ದ ನಾಸಾದ ಉಪಕರಣ ಚಂದ್ರನ ನೆಲದಿಂದ ಪುಟಿದ ಬೆಳಕಿನಲ್ಲಿ 3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಮೂರು ಪಾಲು) ತರಂಗಾಂತರದ ಹತ್ತಿರ ಒಂದು ಗುರುತು ಕಂಡಿತು. 2009ರಲ್ಲಿ ಅದು ದೊಡ್ಡ ಸುದ್ದಿಯಾಯಿತು. ಆದರೆ ಹೈಡ್ರಾಕ್ಸಿಲ್ ಇದ್ದರೂ ನೀರಿದ್ದರೂ ಅಲ್ಲಿ ಗುರುತು ಬೀಳುತ್ತದೆ. 6 ಮೈಕ್ರಾನ್ ಗುರುತು ಮಾತ್ರ ನೀರಿನದೇ. ಅದನ್ನು ವಿಮಾನದಲ್ಲಿ ಹಾರುತ್ತಿದ್ದ ಸೋಫಿಯಾ ದೂರದರ್ಶಕ ಚಂದ್ರನ ಕ್ಲೇವಿಯಸ್ ಕುಳಿಯ ಸುತ್ತ ಹಿಡಿಯಿತು. ಫಲಿತಾಂಶ ಬಂದದ್ದು 2020ರಲ್ಲಿ. ಪ್ರಮಾಣ ಹತ್ತು ಲಕ್ಷ ಪಾಲಿನಲ್ಲಿ 100ರಿಂದ 412 ಪಾಲು. ಬಿಸಿಲು ಬೀಳುವ ಜಾಗದಲ್ಲೇ ಇಷ್ಟು ಉಳಿದಿದೆ ಎಂದರೆ ಅದು ಗಾಜಿನ ಕಣಗಳ ಒಳಗೋ ಮಣ್ಣಿನ ಕಣಗಳ ಸಂದಿಯಲ್ಲೋ ಸಿಕ್ಕಿಕೊಂಡಿರಬೇಕು.

ಧ್ರುವಗಳ ಕಥೆ ಬೇರೆ. ಚಂದ್ರನ ಅಕ್ಷ ವಾಲಿರುವುದು ಬರೀ 1.5 ಡಿಗ್ರಿ. ಹಾಗಾಗಿ ಧ್ರುವದ ಹತ್ತಿರದ ಎಷ್ಟೋ ಕುಳಿಗಳ ತಳ ಕೋಟ್ಯಂತರ ವರ್ಷದಿಂದ ಬಿಸಿಲು ಕಂಡಿಲ್ಲ. ಉತ್ತರದ ಹರ್ಮೈಟ್ ಕುಳಿಯಲ್ಲಿ ಮೈನಸ್ 247 ಡಿಗ್ರಿ ಸೆಲ್ಸಿಯಸ್‌ನಷ್ಟು ಚಳಿ ಅಳೆದಿದ್ದಾರೆ. ದಾರಿ ತಪ್ಪಿ ಅಲ್ಲಿಗೆ ಬಿದ್ದ ನೀರಿನ ಅಣು ಮತ್ತೆ ಏಳುವುದಿಲ್ಲ. ವಾಟ್ಸನ್, ಮರ್ರೆ, ಬ್ರೌನ್ ಎಂಬ ಮೂವರು 1961ರಲ್ಲೇ ಇದನ್ನು ಹೇಳಿದ್ದರು. 2009ರ ಅಕ್ಟೋಬರ್ 9ರಂದು ನಾಸಾ ಒಂದು ಖಾಲಿ ರಾಕೆಟ್ ಹಂತವನ್ನು ದಕ್ಷಿಣದ ಕ್ಯಾಬಿಯಸ್ ಕುಳಿಗೆ ಅಪ್ಪಳಿಸಿತು. ಎದ್ದ ಧೂಳಿನ ನಡುವೆ ಹಿಂದೆಯೇ ಬಂದ ನೌಕೆ ಸುಮಾರು 155 ಕಿಲೋ ನೀರಿನ ಆವಿ ಮತ್ತು ಹಿಮ ಗುರುತಿಸಿತು. ಆ ಮಣ್ಣಿನಲ್ಲಿ ತೂಕದ ಲೆಕ್ಕದಲ್ಲಿ ಶೇ 5.6ರಷ್ಟು ನೀರು. ಹಗಲಲ್ಲಿ 430 ಡಿಗ್ರಿ ಕಾಯುವ ಬುಧನ ಧ್ರುವಗಳಲ್ಲಿ ಹಿಮ ಉಳಿದಿರುವುದೂ ಹೀಗೆಯೇ. ರೇಡಾರ್ 1991ರಲ್ಲಿ ಅದರ ಸುಳಿವು ಕೊಟ್ಟಿತು, ಮೆಸೆಂಜರ್ ನೌಕೆ 2012ರಲ್ಲಿ ಖಚಿತಪಡಿಸಿತು.

ನೀರು ಕಲ್ಲಿನ ಒಳಗಿಂದಲೂ ಬಂದಿದೆ. ಅಪೊಲೊ ಯಾತ್ರಿಗಳು ತಂದ ಜ್ವಾಲಾಮುಖಿಯ ಪುಟ್ಟ ಗಾಜಿನ ಮಣಿಗಳಲ್ಲಿ 2008ರಲ್ಲಿ ನೀರು ಪತ್ತೆಯಾಯಿತು. ಮುನ್ನೂರು ಕೋಟಿ ವರ್ಷಕ್ಕೂ ಹಿಂದೆ ಚಂದ್ರನ ಹೊಟ್ಟೆಯಿಂದ ಚಿಮ್ಮಿದ ಮಣಿಗಳವು. ಅಲ್ಲಿಯವರೆಗೆ ಅಪೊಲೊ ಕಲ್ಲುಗಳಲ್ಲಿ ಒಂದಿಷ್ಟು ತೇವ ಕಂಡರೂ ಅದು ಭೂಮಿಯಲ್ಲಿ ಸೇರಿಕೊಂಡದ್ದು ಎಂದು ಬಿಟ್ಟುಬಿಡುತ್ತಿದ್ದರು. ಇನ್ನು ರ್ಯುಗು, ಬೆನ್ನು ಥರದ ಕಪ್ಪು ಕ್ಷುದ್ರಗ್ರಹಗಳ ಮೂಲ ಕಾಯಗಳು ಹುಟ್ಟಿದ್ದೇ ಹಿಮವನ್ನು ಸೇರಿಸಿಕೊಂಡು. ಒಳಗಿನ ವಿಕಿರಣಶೀಲ ಧಾತುಗಳ ಕಾವಿಗೆ ಹಿಮ ಕರಗಿ, ಕಲ್ಲನ್ನು ನೆನೆಸಿ ಜೇಡಿಯಾಗಿಸಿತು. 2023ರಲ್ಲಿ ಬೆನ್ನುವಿನಿಂದ ಬಂದ ಮಣ್ಣಿನಲ್ಲಿ ಆ ಜೇಡಿಯೂ ಇದೆ, ಉಪ್ಪುನೀರು ಬತ್ತಿ ಉಳಿದ ಲವಣಗಳೂ ಇವೆ.

ಈಗ ಧೂಮಕೇತುಗಳಿಗೆ ಬರೋಣ. ಮೂಲ ಪತ್ತೆಗೆ ಇರುವ ಒಳ್ಳೆಯ ಸಾಕ್ಷಿ ಡ್ಯುಟೀರಿಯಮ್, ಅಂದರೆ ಭಾರವಾದ ಹೈಡ್ರೋಜನ್. ನಮ್ಮ ಸಮುದ್ರದಲ್ಲಿ ಸುಮಾರು 6,400 ಹೈಡ್ರೋಜನ್‌ಗೆ ಒಂದು ಡ್ಯುಟೀರಿಯಮ್ ಸಿಗುತ್ತದೆ. ಸೌರಮಾರುತದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ರೊಸೆಟ್ಟಾ ನೌಕೆ ಅಳೆದ 67ಪಿ ಧೂಮಕೇತುವಿನಲ್ಲಿ ಸಮುದ್ರದ ಮೂರು ಪಟ್ಟಿಗೂ ಜಾಸ್ತಿ. ಚಂದ್ರನ ಆ ಹಳೆಯ ಮಣಿಗಳೊಳಗಿನ ನೀರು ಹೋಲುವುದು ಇಂಗಾಲ ಜಾಸ್ತಿಯಿರುವ ಉಲ್ಕಾಶಿಲೆಗಳ ನೀರನ್ನು. ಅಂದರೆ ಚಂದ್ರನ ಒಳಗಿನ ನೀರಿಗೆ ಧೂಮಕೇತು ಮುಖ್ಯ ಮೂಲವಲ್ಲ. ಆದರೆ ಕ್ಯಾಬಿಯಸ್‌ನಿಂದ ಎದ್ದ ಮೋಡದಲ್ಲಿ ಅಮೋನಿಯಾ, ಗಂಧಕದ ಅನಿಲಗಳು, ಮೆಥನಾಲ್ ಕೂಡ ಇದ್ದವು. ಇವು ಧೂಮಕೇತುಗಳಲ್ಲಿ ಸಿಗುವಂಥವು. ಬರೀ ಸೌರಮಾರುತದಿಂದ ಬಂದ ಹಿಮವಾಗಿದ್ದರೆ ಇಷ್ಟೆಲ್ಲ ಸೇರಿರುತ್ತಿರಲಿಲ್ಲ. ಹಾಗಾಗಿ ಧ್ರುವದ ಹಿಮದಲ್ಲಿ ಅವುಗಳ ಪಾಲೂ ಇದೆ ಎಂದೇ ನನ್ನ ಅನಿಸಿಕೆ.

ಯಾರ ಪಾಲು ಎಷ್ಟು ಎಂದು ತೀರ್ಮಾನವಾಗಬೇಕಾದರೆ ಆ ಹಿಮದ ಡ್ಯುಟೀರಿಯಮ್ಮನ್ನು ಅಳೆಯಬೇಕು. ಅದೂ ಅಗೆದ ಹಿಮ ಆವಿಯಾಗದ ಹಾಗೆ. ಹಗುರ ಹೈಡ್ರೋಜನ್ ಇರುವ ಅಣು ಮೊದಲು ಹಾರಿಹೋಗುತ್ತದೆ, ಭಾರದ್ದು ಉಳಿಯುತ್ತದೆ, ಲೆಕ್ಕವೇ ತಲೆಕೆಳಗಾಗುತ್ತದೆ. ಅದಕ್ಕೇ ನೆರಳಿನಲ್ಲೇ ಕೊರೆದು, ತಣ್ಣಗೆ ಮುಚ್ಚಿಟ್ಟು, ಸಾಧ್ಯವಾದರೆ ಅಲ್ಲೇ ಅಳೆಯುವ ಯಂತ್ರ ಬೇಕು.