ಫಾರಂ ಕೋಳಿ ತಿಂದರೆ ಹೆಣ್ಣುಮಕ್ಕಳು ಬೇಗ ದೊಡ್ಡವರಾಗುತ್ತಾರೆಯೇ?

ಪ್ರಶ್ನೆ: ನನ್ನ ಮಗಳಿಗೆ 9 ವರ್ಷ. ಎತ್ತರ 134 ಸೆಂ.ಮೀ., ತೂಕ 36 ಕೆ.ಜಿ. ಎರಡು ತಿಂಗಳಿಂದ ಎಡಗಡೆ ಎದೆಯಲ್ಲಿ ಸಣ್ಣ ಗಂಟು ಕಾಣಿಸಿಕೊಂಡಿದೆ, ಮುಟ್ಟಿದರೆ ನೋವು ಅಂತಾಳೆ. ಫಾರಂ ಕೋಳಿ, ಮೊಟ್ಟೆ, ಪ್ಯಾಕೆಟ್ ಹಾಲಿನಿಂದಲೇ ಹೀಗಾಗಿದೆ ಎಂದು ಅತ್ತೆ ಹೇಳಿದ್ದರಿಂದ ಮೂರನ್ನೂ ನಿಲ್ಲಿಸಿದ್ದೇವೆ. ಮುಂದಿನ ವರ್ಷವೇ ಮೈನೆರೆದುಬಿಟ್ಟರೆ ಏನು ಗತಿ ಎಂಬ ಭಯ. ಊಟದಲ್ಲಿ ಏನು ಬದಲಾಯಿಸಬೇಕು?

ಉತ್ತರ: ಗಾಬರಿಯಾಗಬೇಡಿ ಅಮ್ಮ. ಎದೆ ಮೂಡುವುದು ಹೆಣ್ಣುಮಕ್ಕಳು ಬೆಳೆಯುವ ಮೊದಲ ಗುರುತು. ಅದು 8ರಿಂದ 13 ವರ್ಷದೊಳಗೆ ಯಾವಾಗ ಶುರುವಾದರೂ ಸಹಜವೇ. ಮೊದಲು ಒಂದೇ ಕಡೆ ಕಾಣಿಸಿಕೊಳ್ಳುವುದೂ ಸಾಮಾನ್ಯ. ಅಲ್ಲಿಂದ ಮುಟ್ಟಾಗಲು ಸಾಮಾನ್ಯವಾಗಿ ಎರಡು, ಎರಡೂವರೆ ವರ್ಷ ಹಿಡಿಯುತ್ತದೆ.

ಮೊಟ್ಟೆ, ಹಾಲು ಇವತ್ತೇ ಮತ್ತೆ ಕೊಡಿ. ಫಾರಂ ಕೋಳಿ ಆರು ವಾರದಲ್ಲಿ ಎರಡು ಕೆ.ಜಿ. ದಾಟುವುದು ತಳಿ ಮತ್ತು ಮೇವಿನಿಂದ, ಜನ ಅಂದುಕೊಂಡಂತೆ ಹಾರ್ಮೋನಿನಿಂದ ಅಲ್ಲ. ಬೆಳವಣಿಗೆಯ ಹಾರ್ಮೋನನ್ನು ಮೇವಿಗೆ ಬೆರೆಸಿದರೆ ಅದು ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ. ಸಾವಿರಾರು ಕೋಳಿಗಳಿಗೆ ಮತ್ತೆ ಮತ್ತೆ ಸೂಜಿ ಚುಚ್ಚುತ್ತಾ ಕೂತರೆ ಯಾವ ಸಾಕಣೆದಾರನಿಗೂ ಗಿಟ್ಟುವುದಿಲ್ಲ. ಬೆಳೆಯುವ ವಯಸ್ಸಿನ ಹುಡುಗಿಯ ತಟ್ಟೆಯಿಂದ ಪ್ರೋಟೀನ್ ತೆಗೆದುಹಾಕುವುದೇ ನನಗೆ ಹೆಚ್ಚು ಆತಂಕದ ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಇದೆ.

ಊಟಕ್ಕೂ ಮೈನೆರೆಯುವುದಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಮುಖ್ಯ ಕೊಂಡಿ ಮೈಯ ಕೊಬ್ಬು. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ದೇಹದಲ್ಲಿ ಸಾಕಷ್ಟು ದಾಸ್ತಾನಿದೆ ಎಂದು ಮಿದುಳಿಗೆ ತಿಳಿಯುವುದು ಅದರಿಂದ, ಆಮೇಲೆಯೇ ಅಂಡಾಶಯಕ್ಕೆ ಕೆಲಸ ಶುರುಮಾಡುವ ಸೂಚನೆ ಹೋಗುತ್ತದೆ. ನಾರ್ವೆಯಲ್ಲಿ 19ನೇ ಶತಮಾನದ ಮಧ್ಯದಲ್ಲಿ ಸುಮಾರು 16-17ಕ್ಕೆ ಆಗುತ್ತಿದ್ದ ಮೊದಲ ಮುಟ್ಟು ನೂರು ವರ್ಷದಲ್ಲಿ 13ರ ಆಸುಪಾಸಿಗೆ ಇಳಿದದ್ದಕ್ಕೆ ಹೊಟ್ಟೆತುಂಬ ಊಟ ಸಿಕ್ಕಿದ್ದು, ಕಾಯಿಲೆ ಕಡಿಮೆಯಾದದ್ದು ದೊಡ್ಡ ಕಾರಣ. ಹಾಗಾಗಿ ಬೇಗ ಆಗುವುದೆಲ್ಲ ಕೆಟ್ಟದ್ದಲ್ಲ. ಆದರೆ ಅತಿತೂಕದ ಹುಡುಗಿಯರಲ್ಲಿ ಇದು ಇನ್ನೂ ಮುಂಚೆ ಬರುವುದುಂಟು, ನಿಮ್ಮ ಮಗಳ ಎತ್ತರಕ್ಕೆ 36 ಕೆ.ಜಿ. ಹೆಚ್ಚೇ.

2015ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ದಿನಕ್ಕೆ ಒಂದೂವರೆ ಲೋಟಕ್ಕಿಂತ ಹೆಚ್ಚು ಸಿಹಿ ಪಾನೀಯ ಕುಡಿಯುತ್ತಿದ್ದ ಹುಡುಗಿಯರಿಗೆ, ವಾರಕ್ಕೆ ಎರಡೇ ಲೋಟ ಅಥವಾ ಅದಕ್ಕಿಂತ ಕಡಿಮೆ ಕುಡಿಯುವವರಿಗಿಂತ ಸುಮಾರು 2.7 ತಿಂಗಳು ಮುಂಚೆ ಮುಟ್ಟು ಶುರುವಾಗಿತ್ತು. ವ್ಯತ್ಯಾಸ ಚಿಕ್ಕದೇ. ಆದರೂ ಕೋಲಾ, ಬಾಟಲಿ ಜ್ಯೂಸ್, ಹಾಲಿಗೆ ಹಾಕುವ ಸಿಹಿ ಪುಡಿ ಬಿಡಿಸುವುದರಿಂದ ನಷ್ಟವೇನೂ ಇಲ್ಲ. ಸಂಜೆ ಬೇಕರಿಯ ಪಫ್ಸ್ ಬದಲು ಕಡಲೆಕಾಯಿ, ಹಣ್ಣು, ಉಸ್ಲಿ ಕೊಡಿ. ಮುದ್ದೆ, ಸೊಪ್ಪಿನ ಸಾರು, ಕಾಳು ಎಂದಿನಂತೆ ಇರಲಿ. ಉಪವಾಸ ಹಾಕಿಸಬೇಡಿ, ಅನ್ನ ಪೂರ್ತಿ ನಿಲ್ಲಿಸಬೇಡಿ. ದಿನಕ್ಕೆ ಒಂದು ಗಂಟೆ ಹೊರಗೆ ಓಡಾಡಿ ಆಡಲಿ.

ಎದೆ 8 ತುಂಬುವ ಮೊದಲೇ ಮೂಡಿದರೆ, ಕೆಲವೇ ತಿಂಗಳಲ್ಲಿ ಬದಲಾವಣೆ ಭರದಿಂದ ಸಾಗಿದರೆ ಅಥವಾ ಎತ್ತರ ದಿಢೀರನೆ ಏರಿದರೆ ಮಕ್ಕಳ ಹಾರ್ಮೋನ್ ತಜ್ಞರನ್ನು ಕಾಣಬೇಕು. ನಿಮ್ಮ ಮಗಳ ಎತ್ತರ, ತೂಕವನ್ನು ಮೂರು ತಿಂಗಳಿಗೊಮ್ಮೆ ಬರೆದಿಡಿ. ಗಂಟನ್ನು ಪದೇ ಪದೇ ಒತ್ತಿ ನೋಡಬೇಡಿ. ಮುಟ್ಟಿನ ವಿಷಯವನ್ನು ಈ ವರ್ಷವೇ, ನೀವೇ ಅವಳಿಗೆ ಹೇಳಿ. ಅವಳೆದುರು ತೂಕದ ಮಾತು ಆಡಬೇಡಿ, ಅತ್ತೆಯವರಿಗೂ ಅದನ್ನು ತಿಳಿಸಿ.