ಟಾರ್ ಫೈಲ್ ಬಿಚ್ಚಲು ಯಾವ ಫಾರ್ಮ್ಯಾಟಿಗೆ ಯಾವ ಅಕ್ಷರ, ಎಲ್ಲ ಬಾಯಿಪಾಠ ಮಾಡಬೇಕಾ?

ಬೇಡ. ಟಾರ್ ಎಂದರೆ ಹಲವು ಫೈಲುಗಳನ್ನು ಒಂದೇ ಫೈಲಾಗಿ, ಅಂದರೆ ಆರ್ಕೈವ್ ಆಗಿ, ಕಟ್ಟುವ ಮತ್ತು ಬಿಚ್ಚುವ ಕಮಾಂಡ್. ನಿಮಗೆ ಬಂದಿರುವ 'ಝಡ್: ಕ್ಯಾನಾಟ್ ಓಪನ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಎಂಬ ಎರರ್ ನನಗೂ ಹಳೇ ಪರಿಚಯ. ಫೈಲ್ ಕೆಟ್ಟಿಲ್ಲ, ಮತ್ತೆ ಡೌನ್‌ಲೋಡ್ ಮಾಡಲು ಹೋಗಬೇಡಿ. ನೀವು 'ಟಾರ್ -ಎಕ್ಸ್‌ಎಫ್‌ಝಡ್ ಫೋಟೋ.ಟಾರ್.ಜಿಝಡ್' ಎಂದು ಕೊಟ್ಟಿದ್ದೀರಿ. ಎಫ್ ಇರಬೇಕಾದ ಜಾಗದಲ್ಲಿಲ್ಲ.

ಎಫ್ ಮಿಕ್ಕ ಅಕ್ಷರಗಳ ಹಾಗಲ್ಲ, ಅದಕ್ಕೆ ಒಂದು ಹೆಸರು ಬೇಕು. ಹೈಫನ್ ಹಾಕಿದಾಗ ಎಫ್‌ಗೆ ಅಂಟಿಕೊಂಡು ಏನಿದೆಯೋ ಅದೇ ಆರ್ಕೈವ್‌ನ ಹೆಸರು. ಇಲ್ಲಿ ಅಂಟಿಕೊಂಡಿರುವುದು ಝಡ್. ಹಾಗಾಗಿ ಟಾರ್ 'ಝಡ್' ಎಂಬ ಫೈಲನ್ನು ಹುಡುಕುತ್ತದೆ, ನಿಮ್ಮ ಫೋಟೋ.ಟಾರ್.ಜಿಝಡ್ ಅದರೊಳಗಿಂದ ತೆಗೆಯಬೇಕಾದ ಫೈಲ್ ಎಂದುಕೊಳ್ಳುತ್ತದೆ. ಹೈಫನ್ ಇಲ್ಲದೆ 'ಟಾರ್ ಎಕ್ಸ್‌ಎಫ್‌ಝಡ್' ಎಂದರೆ ಸರಿಯಾಗಿ ನಡೆಯುತ್ತದೆ, ಅದು ಹಳೇ ಶೈಲಿ. ಗೊಂದಲ ಹುಟ್ಟುವುದೇ ಅಲ್ಲಿ. ಬಿಚ್ಚುವಾಗ ಎರರ್ ಬಂದು ನಿಂತುಹೋಗುತ್ತದೆ, ನಷ್ಟವಿಲ್ಲ. ಕಟ್ಟುವಾಗ '-ಸಿಎಫ್‌ಝಡ್' ಕೊಟ್ಟರೆ ನಿಜವಾಗಿಯೂ 'ಝಡ್' ಎಂಬ ಫೈಲ್ ಹುಟ್ಟುತ್ತದೆ, ಕಂಪ್ರೆಸ್ ಆಗದ ನಿಮ್ಮ ಫೋಲ್ಡರ್ ಅದರೊಳಗೆ ಕೂರುತ್ತದೆ. ಎರರ್ ಓದದೆ, ಇದ್ಯಾವುದೋ ಕಸ ಎಂದು ಅದನ್ನು ಅಳಿಸಿದರೆ ಬ್ಯಾಕಪ್ ಹೋಯಿತು. ಎಫ್ ಯಾವತ್ತೂ ಕೊನೆಗೇ ಇರಲಿ.

ಜಿಝಿಪ್‌ಗೆ ಝಡ್, ಬಿಝಿಪ್2ಗೆ ಸಣ್ಣ ಜೆ, ಎಕ್ಸ್‌ಝಡ್‌ಗೆ ದೊಡ್ಡ ಜೆ ಎಂಬ ಕಂಪ್ರೆಷನ್ ವಿಧಗಳ ಪಟ್ಟಿಯನ್ನು ಮರೆತುಬಿಡಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ಗ್ನೂ ಟಾರ್ 1.15ರಿಂದ ಈಚೆಗೆ ಬಿಚ್ಚುವಾಗ ತಾನೇ ಗುರುತು ಹಿಡಿಯುತ್ತದೆ. ಮ್ಯಾಕ್‌ನ ಟಾರ್ ಕೂಡ ಅಷ್ಟೇ. '-ಎಕ್ಸ್‌ಎಫ್' ಸಾಕು. ಕರ್ಲ್‌ನಿಂದ (ಇಂಟರ್ನೆಟ್ಟಿನಿಂದ ಫೈಲ್ ಇಳಿಸುವ ಕಮಾಂಡ್) ನೇರ ಪೈಪ್ ಮಾಡುವಾಗ, ಅಂದರೆ ಫೈಲಾಗಿ ಉಳಿಸದೆ ಟಾರ್‌ಗೆ ಹರಿಸುವಾಗ ಮಾತ್ರ ಗ್ನೂ ಟಾರ್‌ಗೆ ಅಕ್ಷರ ಹೇಳಲೇಬೇಕು, ಏಕೆಂದರೆ ಪೈಪಿನಲ್ಲಿ ಹಿಂದಕ್ಕೆ ಹೋಗಿ ಮೊದಲಿಂದ ಓದಲು ಬರುವುದಿಲ್ಲ.

ಬಿಚ್ಚುವ ಮೊದಲು '-ಟಿಎಫ್' ಕೊಟ್ಟು ಒಳಗೇನಿದೆ ನೋಡಿ. ಎಲ್ಲವೂ ಒಂದೇ ಫೋಲ್ಡರಿನಡಿ ಇಲ್ಲದಿದ್ದರೆ ನೂರಾರು ಫೈಲ್ ನಿಮ್ಮ ಹೋಮ್ ಫೋಲ್ಡರಿನ ತುಂಬ ಚೆಲ್ಲಾಡುತ್ತವೆ, ಅದೇ ಹೆಸರಿನ ಹಳೇ ಫೈಲ್ ಇದ್ದರೆ ಕೇಳದೇ ಅದರ ಜಾಗಕ್ಕೆ ಹೊಸದು ಬರುತ್ತದೆ. ಮೊದಲು 'ಎಂಕೆಡಿಐಆರ್' ಕಮಾಂಡಿನಿಂದ ಹೊಸ ಫೋಲ್ಡರ್ ಮಾಡಿ, ಆಮೇಲೆ '-ಎಕ್ಸ್‌ಎಫ್ ಫೈಲ್ -ಸಿ ಫೋಲ್ಡರ್'. ಈ ಸಿ ದೊಡ್ಡಕ್ಷರದ್ದು, ಅದು ಇಲ್ಲದ ಫೋಲ್ಡರನ್ನು ಸೃಷ್ಟಿಸುವುದಿಲ್ಲ.

ಜಿಪ್ ಫೈಲನ್ನು ಗ್ನೂ ಟಾರ್ ಮುಟ್ಟುವುದಿಲ್ಲ, ಅದಕ್ಕೆ ಅನ್‌ಜಿಪ್. ಸೆವೆನ್‌ಝಡ್ ಎಂಬ ಇನ್ನೊಂದು ಬಿಚ್ಚುವ ಕಮಾಂಡಿನಲ್ಲಿ 'ಇ' ಬೇಡ, 'ಎಕ್ಸ್' ಬಳಸಿ: 'ಇ' ಕೊಟ್ಟರೆ ಒಳಗಿನ ಫೋಲ್ಡರುಗಳೆಲ್ಲ ಮಾಯವಾಗಿ ಫೈಲುಗಳೆಲ್ಲ ಒಂದೇ ಕಡೆ ರಾಶಿ ಬೀಳುತ್ತವೆ.

ಇಷ್ಟಾಗಿಯೂ 'ದಿಸ್ ಡಸ್ ನಾಟ್ ಲುಕ್ ಲೈಕ್ ಎ ಟಾರ್ ಆರ್ಕೈವ್' ಎಂದರೆ 'ಫೈಲ್ ಫೋಟೋ.ಟಾರ್.ಜಿಝಡ್' ಎಂಬ ಕಮಾಂಡ್ ಕೊಡಿ. ಉತ್ತರ 'ಎಚ್‌ಟಿಎಂಎಲ್ ಡಾಕ್ಯುಮೆಂಟ್' ಎಂದಿದ್ದರೆ ನೀವು ಇಳಿಸಿಕೊಂಡಿರುವುದು ಆರ್ಕೈವ್ ಅಲ್ಲ, ಒಂದು ವೆಬ್ ಪುಟ. ಲಿಂಕ್ ಬೇರೆಡೆಗೆ ಕಳಿಸುತ್ತಿದ್ದರೆ ಕರ್ಲ್ ತಾನಾಗಿ ಹಿಂಬಾಲಿಸುವುದಿಲ್ಲ. ದೊಡ್ಡಕ್ಷರದ '-ಎಲ್' ಸೇರಿಸಿ ಮತ್ತೆ ಇಳಿಸಿಕೊಳ್ಳಿ.